ಕಲೆ ಮೇಲಿದೆಯೇ, ಒಳಗಿದೆಯೇ, ಅಡಿಯಲ್ಲಿದೆಯೇ?

ಮಳೆಗಾಲ ಮುಗಿದ ಹೊಸತರಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಪಕ್ಕದ ಮನೆಯ ರಾಯರು ಕಂಪೌಂಡಿನ ಆಚೆಯಿಂದ ಕರೆದರು. “ಮಾರಾಯರೇ, ಸ್ವಲ್ಪ ಇತ್ತ ಬನ್ನಿ. ಕಾರಿನ ಬಾನೆಟ್ಟಿನ ಮೇಲೆಲ್ಲ ಬಿಳಿ ಚುಕ್ಕೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ.”

ಹೋಗಿ ನೋಡಿದರೆ ಚುಕ್ಕೆಗಳು ಹಾಗೆಯೇ ಇದ್ದವು. ಅವುಗಳ ಸುತ್ತ ಅಂಗೈಯಗಲದ ಮಂಕು ಮಾತ್ರ ಹೊಸದಾಗಿ ಹುಟ್ಟಿತ್ತು. ಮೊದಲು ಟೂತ್‌ಪೇಸ್ಟ್, ಆಮೇಲೆ ರಬ್ಬಿಂಗ್ ಕಾಂಪೌಂಡ್, ಕೊನೆಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಎಂಬ ಕ್ರಮದಲ್ಲಿ ಪ್ರಯೋಗ ನಡೆದಿತ್ತು. ಚುಕ್ಕೆ ಬೋರ್‌ವೆಲ್ ನೀರಿನ ಸುಣ್ಣದ್ದು. ಎರಡು ಚಮಚ ವಿನೆಗರಿಗೆ ಕರಗುವ ಕಲೆ ಅದು. ಸ್ಕ್ರಬ್ಬರಿನಿಂದಾದ ಮಂಕನ್ನು ತೆಗೆಯಲು ನಮಗೆ ಎರಡು ಭಾನುವಾರ ಬೇಕಾಯಿತು.

ಉಡುಪಿಯ ನಮ್ಮ ಕೇರಿಯಲ್ಲಿ ನಾನು ನೋಡಿದ ಹತ್ತು ಕೆಟ್ಟ ಕಾರುಗಳಲ್ಲಿ ಏಳೆಂಟರ ಕಥೆ ಇದೇ. ಕಾಯಿಲೆ ಯಾವುದೆಂದು ನೋಡುವ ಮೊದಲೇ ಔಷಧಿ ಬಿದ್ದಿರುತ್ತದೆ, ಅದೂ ಎಲ್ಲಕ್ಕಿಂತ ಕಟುವಾದದ್ದು. ಕಾರಿನ ಮೈಯಲ್ಲಿ ತೊಂದರೆ ಮೂರು ಕಡೆ ಇರಬಹುದು. ಬಣ್ಣದ ಮೇಲೆ ಕುಳಿತಿರಬಹುದು, ಬಣ್ಣದೊಳಗೆ ಇಳಿದಿರಬಹುದು, ಬಣ್ಣದ ಅಡಿಯಿಂದ ಏಳುತ್ತಿರಬಹುದು. ಮೇಲಿನದನ್ನು ತೊಳೆದು ಅಥವಾ ಕರಗಿಸಿ ತೆಗೆಯಬೇಕು. ಪಾಲಿಶ್ ಬೇಕಾಗುವುದು ಒಳಗೆ ಇಳಿದದ್ದಕ್ಕೆ ಮಾತ್ರ. ಅಡಿಯಿಂದ ಬಂದದ್ದು ಪೇಂಟಿಂಗಿನವರ ಕೆಲಸ, ಅದಕ್ಕೆ ನಮ್ಮ ಅಂಗಳದಲ್ಲಿ ಮದ್ದಿಲ್ಲ.

ಹೀಗೆ ವಿಂಗಡಿಸುವುದಕ್ಕೆ ಕಾರಣವಿದೆ. ಇಂದಿನ ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಕ್ಲಿಯರ್ ಕೋಟಿನ ಪಾಲು ಅದರಲ್ಲಿ 35–50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಪಾಲಿಶ್ ಮಾಡುವುದೆಂದರೆ ಆ ಪದರವನ್ನು ಸ್ವಲ್ಪ ಸ್ವಲ್ಪ ಸವೆಸುವುದು. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಮೊದಲು ಪರೀಕ್ಷೆ

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ತಗಡು ತಣ್ಣಗಾದ ಮೇಲೆ ಕಾರ್ ಶಾಂಪೂವಿನಲ್ಲಿ ಒಮ್ಮೆ ಸರಿಯಾಗಿ ತೊಳೆಯಿರಿ. ಧೂಳಿನ ಮೇಲೆ ಯಾವ ಪರೀಕ್ಷೆಯೂ ನಡೆಯುವುದಿಲ್ಲ. ಒದ್ದೆ ಇರುವಾಗಲೇ ಕಲೆಯನ್ನು ನೋಡಿ. ಒದ್ದೆಯಲ್ಲಿ ಮಾಯವಾಗಿ ಒಣಗಿದೊಡನೆ ಮರಳುವ ಗೀರು ಅಥವಾ ಮಂಕು ಕ್ಲಿಯರ್ ಕೋಟಿನಲ್ಲಿದೆ. ಒದ್ದೆಯಲ್ಲೂ ಬಿಳಿಯಾಗಿಯೋ ಬೂದಿಯಾಗಿಯೋ ಕಂಡರೆ ಪ್ರೈಮರ್ ತನಕ ಹೋಗಿರಬಹುದು, ಇಲ್ಲವೇ ಯಾವುದೋ ಬೇರೆ ಪದಾರ್ಥ ಮೇಲೆ ಅಂಟಿರಬಹುದು. ಇವೆರಡರಲ್ಲಿ ಯಾವುದೆಂದು ಉಗುರು ಹೇಳುತ್ತದೆ. ಗೀರಿಗೆ ಅಡ್ಡವಾಗಿ ಉಗುರನ್ನು ಹಗುರವಾಗಿ ಎಳೆಯಿರಿ. ಉಗುರು ಎಡವಿ ಒಳಗೆ ಬಿದ್ದರೆ ಆ ಗೀರು ಪಾಲಿಶಿಗೆ ದಕ್ಕುವುದಿಲ್ಲ. ಎಡವಿ ಮೇಲಕ್ಕೆ ಏರಿದರೆ ಅದು ಗೀರೇ ಅಲ್ಲ, ಇನ್ನೊಂದು ವಾಹನದ ಬಂಪರಿನ ಬಣ್ಣವೋ ಗೋಡೆಯ ಸುಣ್ಣವೋ ನಿಮ್ಮ ಕಾರಿಗೆ ಹತ್ತಿದೆ. ಮಂಗಳೂರಿನ ಹಳೆಯ ಓಣಿಗಳಲ್ಲಿ ಕಾರು ತಿರುಗಿಸುವವರಿಗೆ ಈ ಎರಡನೆಯದು ಹೆಚ್ಚು. ಸೀಮೆಎಣ್ಣೆ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ತಕ್ಷಣ ಶಾಂಪೂ ಹಾಕಿ ತೊಳೆದರೆ ಮುಕ್ಕಾಲು ಪಾಲು ಹೋಗುತ್ತದೆ. ಹೆದರಿ ಪೇಂಟಿಂಗಿಗೆ ಕೊಡುವ ಮೊದಲು ಇಷ್ಟು ಮಾಡಿ ನೋಡಬಹುದು.

ಇನ್ನೊಂದು ಪರೀಕ್ಷೆ ತೆಳು ಪ್ಲಾಸ್ಟಿಕ್ ಚೀಲದ್ದು. ತೊಳೆದ ಬಾನೆಟ್ಟಿನ ಮೇಲೆ ಬರಿಗೈ ಆಡಿಸಿದರೆ ನುಣುಪೆನಿಸುತ್ತದೆ. ಕೈಯನ್ನು ಚೀಲದೊಳಗೆ ಹಾಕಿ ಆಡಿಸಿದರೆ ಅದೇ ಬಾನೆಟ್ ರವೆ ಚೆಲ್ಲಿದಂತೆ ತರಿತರಿಯಾಗಿ ಸಿಗಬಹುದು. ಆ ತರಿ ಬಣ್ಣದ ಮೇಲೆ ಕುಳಿತ ವಸ್ತು.

ಬಿಳಿ ಚುಕ್ಕೆಗಳು

ಇವುಗಳಲ್ಲಿ ಮೂರು ಜಾತಿ. ಕಣ್ಣಿಗೆ ಮೂರೂ ಒಂದೇ.

ಮೊದಲನೆಯದು ಉಪ್ಪು. ಪಣಂಬೂರು, ಮಲ್ಪೆ, ಕಾಪುವಿನಲ್ಲಿ ಕಡಲಿಗೆ ಮುಖ ಮಾಡಿ ಅರ್ಧ ದಿನ ನಿಂತ ಕಾರಿನ ಮೇಲೆ ಗಾಳಿಯಲ್ಲಿ ಬಂದ ತುಂತುರು ಒಣಗಿ ಕುಳಿತಿರುತ್ತದೆ. ಮುಂದಿನ ಗಾಜಿನ ಮೇಲೂ ಅದೇ ತೆಳು ಮಂಜು ಇದ್ದರೆ ಸಂಶಯವೇ ಬೇಡ. ನಾಲಿಗೆಯ ಪರೀಕ್ಷೆ ಅಗತ್ಯವಿಲ್ಲ (ನಾನು ಮಾಡಿದ್ದೇನೆ). ಉಪ್ಪು ಬರಿಯ ನೀರಿನಲ್ಲಿ ಕರಗಿ ಹೋಗುತ್ತದೆ. ಒಣ ಬಟ್ಟೆಯಿಂದ ಮಾತ್ರ ಒರೆಸಬಾರದು, ಅದರ ಜೊತೆ ಹೊಯಿಗೆಯ ಕಣವೂ ಇರುತ್ತದೆ.

ಎರಡನೆಯದು ಸುಣ್ಣ. ಗಡಸು ನೀರು ಬಿಸಿಲಿನಲ್ಲಿ ಆವಿಯಾದಾಗ ಅದರಲ್ಲಿದ್ದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಉಳಿದು ಹನಿಯ ಅಂಚಿನಲ್ಲಿ ಉಂಗುರವಾಗುತ್ತದೆ. ಇದು ನೀರಿಗೂ ಶಾಂಪೂವಿಗೂ ಬಗ್ಗುವುದಿಲ್ಲ, ಹುಳಿಗೆ ಬಗ್ಗುತ್ತದೆ. ಬಿಳಿ ವಿನೆಗರ್ ಮತ್ತು ನೀರನ್ನು ಸಮಪಾಲು ಬೆರೆಸಿ, ಬಟ್ಟೆಯನ್ನು ಅದ್ದಿ, ತಣ್ಣಗಿನ ಬಾನೆಟ್ಟಿನ ಮೇಲೆ ಒಂದೆರಡು ನಿಮಿಷ ಹಾಸಿಡಿ. ಒಣಗಲು ಬಿಡದೆ ನೀರು ಹೊಯ್ದು ತೊಳೆಯಿರಿ. ಹಟಮಾರಿ ಚುಕ್ಕೆಗೆ ಇನ್ನೊಮ್ಮೆ ಇದನ್ನೇ ಮಾಡಿ, ಆದರೆ ತಿಕ್ಕಬೇಡಿ. ನಮ್ಮಲ್ಲಿ ಹಿತ್ತಾಳೆಯ ದೀಪವನ್ನು ಬಿಂಬುಳಿಯಿಂದಲೋ ಹುಣಸೆಹಣ್ಣಿನಿಂದಲೋ ಬೆಳಗುವ ರೂಢಿ ಇರುವುದರಿಂದ ಕಾರಿಗೂ ಅದೇ ಆಗಬಹುದೆಂದು ಕೆಲವರು ಕೇಳುತ್ತಾರೆ. ಬೇಡ. ಹುಳಿ ಎಷ್ಟು ಬಲವಾಗಿದೆಯೆಂದು ಅಂದಾಜು ಸಿಗದು, ನಾರು ಮತ್ತು ಸಿಪ್ಪೆ ಗೀರುತ್ತವೆ, ದೀಪಕ್ಕೆ ಕ್ಲಿಯರ್ ಕೋಟೂ ಇಲ್ಲ.

ಮೂರನೆಯದು ಕುಳಿ. ವಿನೆಗರಿನ ನಂತರವೂ ಉಂಗುರ ಉಳಿದು, ಟಾರ್ಚಿನ ಓರೆ ಬೆಳಕಿನಲ್ಲಿ ಸಣ್ಣ ತಟ್ಟೆಯಂತೆ ತಗ್ಗಾಗಿ ಕಂಡರೆ ಖನಿಜ ಕ್ಲಿಯರ್ ಕೋಟನ್ನು ಕೊರೆದಿದೆ. ಪಾಲಿಶ್ ಹೊರಗೆ ಬರಬೇಕಾದದ್ದು ಇಲ್ಲಿ, ಅದೂ ನವಿರಾದದ್ದು. ಆಳದ ಕುಳಿಗಳನ್ನು ನಾನು ಬಿಟ್ಟುಬಿಡುತ್ತೇನೆ. ಐದಡಿ ದೂರದಿಂದ ಕಾಣದ ಕುಳಿಗಾಗಿ ಕ್ಲಿಯರ್ ಕೋಟನ್ನು ಸವೆಸುವುದು ನಷ್ಟದ ವ್ಯಾಪಾರ.

ಚುಕ್ಕೆ ಹೋಯಿತು, ಆದರೆ ಮುಂದಿನ ವಾರ ಮತ್ತೆ ಬಂತು ಎನ್ನುವವರು ನೀರನ್ನು ಪರೀಕ್ಷಿಸಬೇಕು. ಹಳೆಯ ಕನ್ನಡಿಯ ಚೂರೊಂದರ ಮೇಲೆ ಒಂದು ಚಮಚ ಬಾವಿ ನೀರು, ಇನ್ನೊಂದು ಕಡೆ ಒಂದು ಚಮಚ ಬೋರ್‌ವೆಲ್ ನೀರು ಹಾಕಿ ಬಿಸಿಲಿಗಿಡಿ. ಕನ್ನಡಿಯ ಮೇಲೆ ಏನು ಉಳಿಯುತ್ತದೆಯೋ ಅದೇ ಕಾರಿನ ಮೇಲೂ ಉಳಿಯುತ್ತದೆ. ಕಡಲು–ಹೊಳೆಗಳ ನಡುವಿನ ಊರುಗಳಲ್ಲಿ ಈ ಪರೀಕ್ಷೆಯನ್ನು ಜನವರಿಯಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ಮಾಡಬೇಕು. ಬೇಸಿಗೆಯ ಕೊನೆಗೆ ಬಾವಿಗೆ ಉಪ್ಪು ನುಗ್ಗುವುದು ಅಲ್ಲಿನವರಿಗೆ ಹೊಸತಲ್ಲ. ಮಳೆಗಾಲದಲ್ಲಿ ನಮಗೊಂದು ಸೌಭಾಗ್ಯವಿದೆ. ಮೊದಲ ನಾಲ್ಕಾರು ಮಳೆಗೆ ಹಂಚು ತೊಳೆದುಹೋದ ಮೇಲೆ ಮಾಡಿನಿಂದ ಇಳಿಯುವ ನೀರಿನಲ್ಲಿ ಖನಿಜ ಇಲ್ಲವೆನ್ನುವಷ್ಟು ಕಡಿಮೆ. ಎರಡು ಬಕೆಟ್ ಹಿಡಿದಿಟ್ಟು ಕೊನೆಯ ತೊಳೆತಕ್ಕೆ ಬಳಸಿದರೆ ಒರೆಸದಿದ್ದರೂ ಚುಕ್ಕೆ ಬೀಳುವುದು ಅಪರೂಪ.

ಕಿತ್ತಳೆ ಚುಕ್ಕೆ, ಕೈಗೆ ಸಿಗುವ ತರಿ

ಬಿಳಿ ಕಾರಿನವರಿಗೆ ಇದು ಬೇಗ ಕಾಣುತ್ತದೆ, ಕಪ್ಪು ಕಾರಿನವರಿಗೆ ಚೀಲದ ಪರೀಕ್ಷೆಯಲ್ಲಿ ಮಾತ್ರ. ಮುರಕಲ್ಲಿನ ಕೆಂಪು ಧೂಳೆಂದು ಮೊದಲು ಅನಿಸುತ್ತದೆ. ಧೂಳಾದರೆ ಶಾಂಪೂವಿಗೆ ಹೋಗಬೇಕು. ಹೋಗದೆ ಸೂಜಿಮೊನೆಯಷ್ಟು ಚುಕ್ಕೆಗಳು ಉಳಿದರೆ ಅವು ಕಬ್ಬಿಣದ ಕಣಗಳು. ಬಿಸಿಯಾಗಿ ಬಂದು ಬಣ್ಣಕ್ಕೆ ಅಂಟಿ, ಅಲ್ಲೇ ತುಕ್ಕು ಹಿಡಿದಿವೆ.

ಎಲ್ಲಿಂದ ಬಂದವು? ಬ್ರೇಕಿನಿಂದ ಬರುತ್ತವೆ, ರೈಲು ಹಳಿಯ ಪಕ್ಕ ದಿನಗಟ್ಟಲೆ ನಿಲ್ಲಿಸಿದರೆ ಬರುತ್ತವೆ. ಆದರೆ ನಮ್ಮ ಕಡೆಯ ದೊಡ್ಡ ಅಪರಾಧಿ ತಾರಸಿಗೆ ಹಾಕಿಸುವ ಶೀಟು. ಮಳೆಗೆ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ, ಯಾವ ಬೀದಿಗೆ ಹೋದರೂ ಕಬ್ಬಿಣದ ಪೈಪು ಕತ್ತರಿಸುವ ಸದ್ದು. ನಮ್ಮ ಮನೆಯಲ್ಲಿ ಆ ಕೆಲಸ ನಡೆದಾಗ ಕಾರು ಕೆಳಗೇ ನಿಂತಿತ್ತು. ಆಗ ಏನೂ ಕಾಣಲಿಲ್ಲ. ಜೂನ್ ಮಧ್ಯದಲ್ಲಿ ಕಾರಿನ ಮೇಲ್ಭಾಗಕ್ಕೆ ಕೆಸುವಿನ ಎಲೆಯ ಚುಕ್ಕೆಯಂತೆ ತುಕ್ಕು ಎದ್ದಿತು. ಹದಿನೈದು ದಿನ ನಾನು ಪಾಪದ ಬೋರ್‌ವೆಲ್ಲನ್ನು ಬೈದೆ.

ಖಚಿತಪಡಿಸಿಕೊಳ್ಳುವುದು ಸುಲಭ. ಅಂಗಡಿಯಲ್ಲಿ ಐರನ್ ರಿಮೂವರ್ ಎಂದು ಸಿಗುತ್ತದೆ. ಕೈಗವಸು ಹಾಕಿಕೊಂಡು, ನೆರಳಿನಲ್ಲಿ, ತಣ್ಣಗಿನ ಮೈಗೆ ಸಿಂಪಡಿಸಿದರೆ ಕಬ್ಬಿಣವಿದ್ದಲ್ಲಿ ನೇರಳೆ ಬಣ್ಣ ಹರಿಯತೊಡಗುತ್ತದೆ. ಕೊಳೆತ ಮೊಟ್ಟೆಯ ವಾಸನೆಗೆ ಮನೆಯವರು ಕಿಟಕಿ ಮುಚ್ಚುತ್ತಾರೆ, ಅದು ಸಹಜ. ಡಬ್ಬಿಯ ಮೇಲೆ ಹೇಳಿದಷ್ಟೇ ಹೊತ್ತು ಬಿಟ್ಟು, ಒಣಗುವ ಮೊದಲು ತೊಳೆಯಿರಿ. ನೇರಳೆ ಬರಲಿಲ್ಲ, ತರಿ ಮಾತ್ರ ಇದೆ ಎಂದಾದರೆ ಅದು ಡಾಂಬರು, ಪೇಂಟಿನ ತುಂತುರು ಅಥವಾ ಸಿಮೆಂಟು. ಡಾಂಬರಿಗೆ ಸೀಮೆಎಣ್ಣೆ ಸಾಕು. ಉಳಿದದ್ದಕ್ಕೆ ಕ್ಲೇ, ಅಂದರೆ ಕಾರಿನ ಮೈಗೆಂದೇ ಸಿಗುವ ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆ, ಬಳಸಬಹುದು. ಅದನ್ನು ಕಣಕದಂತೆ ನಾದಿ, ಶಾಂಪೂ ನೀರಿನ ಜಾರಿನ ಮೇಲೆ ಹಗುರವಾಗಿ ಓಡಿಸಬೇಕು. ನೆಲಕ್ಕೆ ಬಿದ್ದ ಕ್ಲೇಯನ್ನು ತೊಳೆದು ಮತ್ತೆ ಬಳಸುವ ಜಿಪುಣತನ ಬೇಡ. ಅದರಲ್ಲಿ ಸಿಕ್ಕಿಕೊಂಡ ಒಂದು ಮರಳ ಕಣ ಇಡೀ ಬಾಗಿಲಿಗೆ ಗೆರೆ ಎಳೆಯುತ್ತದೆ. ಗಾಜಿನೊಳಗೆ ಕರಗಿ ಕುಳಿತ ಕಿಡಿಗಳು ಮಾತ್ರ ಯಾವುದಕ್ಕೂ ಬರಲಿಲ್ಲ. ನನ್ನ ಹಿಂದಿನ ಗಾಜಿನಲ್ಲಿ ಅವು ಇನ್ನೂ ಇವೆ.

ಮರದಡಿಯ ಕಲೆ

ಹಲಸಿನ ಮೇಣ ಬಿದ್ದರೆ ಕೆರೆಯಬೇಡಿ. ಹಲಸು ಕೊಯ್ಯುವಾಗ ಕೈಗೆ ಹಚ್ಚುವ ತೆಂಗಿನೆಣ್ಣೆಯೇ ಇಲ್ಲಿಯೂ ಮದ್ದು. ಹಚ್ಚಿ ಹತ್ತು ನಿಮಿಷ ಬಿಟ್ಟರೆ ಮೇಣ ಮೆತ್ತಗಾಗುತ್ತದೆ, ಆಮೇಲೆ ಶಾಂಪೂ. ಮಾವಿನ ಮರದ ಅಂಟು ಬಿಸಿನೀರಿನ ಒದ್ದೆಬಟ್ಟೆಗೆ ಬರುತ್ತದೆ.

ಹಕ್ಕಿ ಮತ್ತು ಬಾವಲಿಯ ಹಿಕ್ಕೆ ಬೇರೆ ಮಾತು, ಅಲ್ಲಿ ಗಂಟೆಗಳ ಲೆಕ್ಕ. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗಿರುವಾಗ ಹಿಕ್ಕೆಯ ಆಮ್ಲ ಅದರೊಳಗೆ ಇಳಿಯುತ್ತದೆ, ಸಂಜೆ ತಣಿದಾಗ ಪದರ ಅದರ ಸುತ್ತ ಬಿಗಿಯುತ್ತದೆ. ಒಣಗಿದ್ದನ್ನು ಒರೆಸಿದರೆ ಅದರೊಳಗಿನ ಬೀಜ, ಕಲ್ಲುಗಳು ಗೀರುತ್ತವೆ. ಒದ್ದೆ ಟಿಶ್ಯೂ ಹೊದಿಸಿ ಹತ್ತು ನಿಮಿಷದ ನಂತರ ಎತ್ತಿ ತೆಗೆಯಿರಿ. ಕೆಳಗೆ ಮಂಕು ಗುರುತು ಉಳಿದರೆ ಅದನ್ನು ಕುಳಿಯೆಂದೇ ಲೆಕ್ಕ ಹಾಕಬೇಕು.

ಬಿಸಿಲಿನಲ್ಲಿ ಕಾಣುವ ಜೇಡರ ಬಲೆ

ಮೋಡದ ದಿನ ಕನ್ನಡಿಯಂತಿರುವ ಕಾರು ಬಿಸಿಲಿಗೆ ಬಂದೊಡನೆ ಸೂರ್ಯನ ಪ್ರತಿಬಿಂಬದ ಸುತ್ತ ವೃತ್ತ ವೃತ್ತವಾಗಿ ನವಿರು ಗೀರು ತೋರಿಸುತ್ತದೆ. ಯಾರೂ ಕಾರನ್ನು ವೃತ್ತಾಕಾರವಾಗಿ ಗೀರಿಲ್ಲ. ಎಲ್ಲ ದಿಕ್ಕಿಗೂ ಇರುವ ಗೀರುಗಳಲ್ಲಿ ಬೆಳಕಿಗೆ ಅಡ್ಡವಾಗಿರುವವು ಮಾತ್ರ ಹೊಳೆಯುವುದರಿಂದ ಹಾಗೆ ಕಾಣುತ್ತದೆ. ಕಾರಣ ತೊಳೆಯುವ ರೀತಿ. ಒಂದು ಬಕೆಟ್, ಒಂದು ಹಳೆಯ ಬೈರಾಸು, ಮೊದಲು ಚಕ್ರ ಒರೆಸಿ ಅದೇ ಬೈರಾಸಿನಿಂದ ಬಾನೆಟ್! ಮಂಗಳೂರಿನ ಫ್ಲ್ಯಾಟುಗಳಲ್ಲಿ ಬೆಳಗಾಗುವ ಮೊದಲು ಒಂದೇ ಬಕೆಟ್ಟಿನಲ್ಲಿ ಹತ್ತು ಕಾರು ಒರೆಸುವ ಪದ್ಧತಿಯಿದೆ. ಒರೆಸುವವರನ್ನು ದೂರಿ ಪ್ರಯೋಜನವಿಲ್ಲ, ತಿಂಗಳಿಗೆ ನಾವು ಕೊಡುವ ಹಣಕ್ಕೆ ಎರಡನೆಯ ಬಕೆಟ್ ಬರುವುದಿಲ್ಲ. ನಾನಾದರೆ ಪ್ರತಿದಿನದ ಒರೆಸುವಿಕೆಯನ್ನೇ ನಿಲ್ಲಿಸುತ್ತೇನೆ. ಧೂಳು ಸುಮ್ಮನೆ ಕುಳಿತಿದ್ದರೆ ಗೀರುವುದಿಲ್ಲ.

ಮೊದಲು ನೀರು ಹೊಯ್ದು ಹೊಯಿಗೆ ಇಳಿಸಬೇಕು. ಆಮೇಲೆ ಎರಡು ಬಕೆಟ್, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಮೇಲಿನಿಂದ ಕೆಳಕ್ಕೆ ತೊಳೆಯುತ್ತ ಬನ್ನಿ, ಚಕ್ರಕ್ಕೆ ಬೇರೆಯೇ ಬಟ್ಟೆ. ಪಾತ್ರೆ ಸೋಪು ಬಣ್ಣವನ್ನು ತಿನ್ನುತ್ತದೆಯೆಂಬ ಭಯ ಅತಿಯಾಯಿತು. ಆದರೆ ಇದ್ದ ವ್ಯಾಕ್ಸನ್ನು ತೊಳೆದುಬಿಡುತ್ತದೆ.

ಇರುವ ಗೀರಿಗೆ ಪಾಲಿಶ್ ಮಾಡುವುದಾದರೆ ಒಂದಡಿ ಚೌಕದಲ್ಲಿ, ಅತಿ ನವಿರಾದ ಪಾಲಿಶಿನಿಂದ ಆರಂಭಿಸಿ. ಸಾಲದಿದ್ದರೆ ಮಾತ್ರ ಮುಂದಿನ ದರ್ಜೆ. ಬಾನೆಟ್ಟಿನ ಅಂಚು, ಬಾಗಿಲಿನ ಏಣುಗಳಲ್ಲಿ ಪದರ ಇನ್ನೂ ತೆಳುವಾಗಿರುತ್ತದೆ. ಅಲ್ಲಿ ಟೇಪ್ ಅಂಟಿಸಿಡಿ.

ಹೊರಗೆ ಪಾಲಿಶ್ ಮಾಡಿಸಿಕೊಂಡವರಿಗೆ ಒಂದು ಪರೀಕ್ಷೆ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಿಂದ ನನ್ನ ಕಾರು ಟ್ಯೂಬ್‌ಲೈಟಿನ ಕೆಳಗೆ ಮದುಮಗನಂತೆ ಹೊರಬಂತು. ಎರಡು ತೊಳೆತಕ್ಕೆ ಹಳೆಯ ಗೀರುಗಳೆಲ್ಲ ಮರಳಿ, ಮೇಲಿಂದ ಯಂತ್ರದ ಅಲೆಯಲೆ ಗುರುತೂ ಸೇರಿಕೊಂಡಿತ್ತು. ಗೀರು ಹೋಗಿರಲಿಲ್ಲ, ಎಣ್ಣೆಯಿಂದ ತುಂಬಿತ್ತು. ಹಣ ಕೊಡುವ ಮೊದಲೇ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲಿಗೆ ಮೂರು ಪಾಲು ನೀರು ಬೆರೆಸಿ ಬಾನೆಟ್ಟಿನ ಒಂದು ಮೂಲೆ ಒರೆಸಿ, ಹೊರಗೆ ಬಿಸಿಲಿನಲ್ಲಿ ನೋಡಿ. ಗೀರು ಮರಳಿದರೆ ನೀವು ಕೊಂಡದ್ದು ಎಣ್ಣೆ.

ಮಂಕು, ಸಿಪ್ಪೆ, ಗುಳ್ಳೆ

ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಒರೆಸಿದಾಗ ಕಾರಿನ ಬಣ್ಣವೇ ಬಟ್ಟೆಗೆ ಬಂದರೆ ಅದು ಕ್ಲಿಯರ್ ಕೋಟ್ ಇಲ್ಲದ ಹಳೆಯ ಬಗೆಯ ಪೇಂಟ್, ಮೇಲಿನ ಪದರ ಬಿಸಿಲಿಗೆ ಸತ್ತಿದೆ. ಇದಕ್ಕೆ ಪಾಲಿಶ್ ಚೆನ್ನಾಗಿಯೇ ಹಿಡಿಯುತ್ತದೆ. ಬಣ್ಣ ಬರದೆ, ಕಾರಿನ ಮೇಲ್ಭಾಗದಲ್ಲೋ ಬಾನೆಟ್ಟಿನಲ್ಲೋ ಭೂಪಟದಂತೆ ಬಿಳಿ ಸಿಪ್ಪೆ ಏಳುತ್ತಿದ್ದರೆ ಕ್ಲಿಯರ್ ಕೋಟ್ ಬಿಟ್ಟುಹೋಗುತ್ತಿದೆ. ಅದನ್ನು ಪಾಲಿಶ್ ಮಾಡಿದಷ್ಟೂ ಭೂಪಟ ದೊಡ್ಡದಾಗುತ್ತದೆ.

ಗುಳ್ಳೆಗಳಿದ್ದರೆ ಒತ್ತಿ ನೋಡಿ. ಒಳಗೆ ಕರಕರ ಎಂದರೆ ತುಕ್ಕು ಅಡಿಯಿಂದ ಬಂದಿದೆ. ಬಾಗಿಲಿನ ಕೆಳ ಅಂಚಿನಲ್ಲಿ ಹೀಗಾಗಿದ್ದರೆ ಬಾಗಿಲು ತೆರೆದು ಮುಚ್ಚುವಾಗ ಕಿವಿಗೊಡಿ. ನೀರು ತುಳುಕುವ ಸದ್ದು ಬಂದರೆ ಕೆಳಗಿನ ನೀರಿಳಿಯುವ ತೂತುಗಳು ಕೆಮ್ಮಣ್ಣಿನಿಂದ ಕಟ್ಟಿವೆ. ತೆಂಗಿನ ಗರಿಯ ಕಡ್ಡಿ ಹಾಕಿ ಬಿಡಿಸಬಹುದು. ನಾನು ಬಿಡಿಸಿದ ಒಂದು ಬಾಗಿಲಿನಿಂದ ಅರ್ಧ ಚೊಂಬು ನೀರು ಬಂತು, ಅದು ಡಿಸೆಂಬರ್ ತಿಂಗಳು. ಮಳೆಗಾಲದಲ್ಲಿ ಒದ್ದೆ ಕಾರಿಗೆ ಕವರ್ ಹೊದಿಸುವುದೂ ಇದೇ ಸಾಲಿನ ತಪ್ಪು. ನೀರು ಒಳಗೇ ಉಳಿಯುತ್ತದೆ, ಗಾಳಿಗೆ ಕವರ್ ಅಲುಗಿದಷ್ಟೂ ಮೈ ಉಜ್ಜುತ್ತದೆ.

ವ್ಯಾಕ್ಸ್ ಏಕೆ ಗೆರೆಗೆರೆಯಾಯಿತು

ಹೆಚ್ಚು ಹಾಕಿದ್ದರಿಂದ, ಅಥವಾ ಒಣಗುವ ಮೊದಲೇ ಒರೆಸಿದ್ದರಿಂದ. ನಮ್ಮ ತೇವದ ಗಾಳಿಯಲ್ಲಿ ಡಬ್ಬಿ ಹೇಳಿದ ಸಮಯಕ್ಕಿಂತ ಹೆಚ್ಚು ಬೇಕಾಗುತ್ತದೆ. ಬೆರಳಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಹೊಳೆದರೆ ಒರೆಸಬಹುದು, ಮಸಿಯಂತೆ ಹರಡಿದರೆ ಕಾಯಬೇಕು. ಕರಿ ಪ್ಲಾಸ್ಟಿಕ್ಕಿಗೆ ಹತ್ತಿ ಬಿಳಿಯಾದದ್ದನ್ನು ಮೆತ್ತನೆಯ ಟೂತ್‌ಬ್ರಷ್ ಮತ್ತು ಶಾಂಪೂವಿನಲ್ಲಿ ತೆಗೆಯಬಹುದು.

ವರ್ಷಕ್ಕೆ ಒಮ್ಮೆಯೇ ಸೀಲಂಟ್ ಅಥವಾ ವ್ಯಾಕ್ಸ್ ಹಾಕುವುದಾದರೆ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ಮೊದಲು ಹಾಕಿ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಕಾರು ಗೆಜ್ಜೆ ಕಟ್ಟಿರಬೇಕು. ನೀರು ಮಣಿಯಾಗದೆ ಹಾಳೆಯಂತೆ ಹರಡಿ ನಿಲ್ಲತೊಡಗಿದರೆ ಪದರ ಮುಗಿದಿದೆ, ಅಥವಾ ಕೊಳೆ ಮುಚ್ಚಿದೆ. ಯಾವುದೆಂದು ತಿಳಿಯಲು ಒಮ್ಮೆ ಶಾಂಪೂ ಹಾಕಿ ತೊಳೆದು ನೋಡಿ. ಮಣಿ ಮರಳಿದರೆ ಹೊಸ ವ್ಯಾಕ್ಸಿನ ಖರ್ಚು ಉಳಿಯಿತು.

ಚಕ್ರ

ಮುಂದಿನ ಚಕ್ರ ಹಿಂದಿನದಕ್ಕಿಂತ ಕಪ್ಪಾಗುವುದು ದೋಷವಲ್ಲ. ಬ್ರೇಕಿನ ಹೆಚ್ಚಿನ ಹೊರೆ ಮುಂದೆಯೇ ಬೀಳುತ್ತದೆ, ಸಣ್ಣ ಕಾರುಗಳಲ್ಲಿ ಹಿಂದೆ ಹೆಚ್ಚಾಗಿ ಮುಚ್ಚಿದ ಡ್ರಮ್ ಇರುತ್ತದೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿದು ಬಂದ ಕಾರಿನ ಮುಂದಿನ ಚಕ್ರ ಕಪ್ಪಾಗದಿದ್ದರೇ ಆಶ್ಚರ್ಯ. ಬಿಸಿ ಚಕ್ರಕ್ಕೆ ತಣ್ಣೀರನ್ನಾಗಲಿ ಕ್ಲೀನರನ್ನಾಗಲಿ ಹಾಕಬೇಡಿ, ಒಂದು ಗಂಟೆ ಬಿಡಿ. ಶಾಂಪೂವಿಗೆ ಹೋಗದ ಕಂದು ಚುಕ್ಕೆಗೆ ಮೇಲೆ ಹೇಳಿದ ಐರನ್ ರಿಮೂವರೇ ಸಾಕು. ಟಾಯ್ಲೆಟ್ ತೊಳೆಯುವ ಆಸಿಡ್ ಕಪ್ಪನ್ನು ಒಂದೇ ನಿಮಿಷದಲ್ಲಿ ತೆಗೆಯುತ್ತದೆ ನಿಜ, ಜೊತೆಗೆ ಅಲಾಯ್ ಚಕ್ರದ ಮೇಲಿನ ಪಾರದರ್ಶಕ ಲೇಪವಾದ ಲ್ಯಾಕರನ್ನೂ ಮಂಕಾಗಿಸುತ್ತದೆ. ಲ್ಯಾಕರಿನ ಅಡಿಯಲ್ಲಿ ಬಿಳಿ ದಾರದಂತೆ ಹರಿದಾಡಿದ ಗೆರೆಗಳಿದ್ದರೆ ಯಾವ ಕ್ಲೀನರೂ ಬೇಡ. ಉಪ್ಪುನೀರು ಸಣ್ಣ ಬಿರುಕಿನಿಂದ ಒಳಹೊಕ್ಕು ಲೋಹವನ್ನು ತಿನ್ನುತ್ತಿದೆ, ಅದನ್ನು ಕೆರೆದು ಹೊಸ ಲೇಪ ಹಾಕಿಸಬೇಕು.

ತೊಳೆದ ಮರುದಿನ ಬ್ರೇಕ್ ಡಿಸ್ಕ್ ಕಿತ್ತಳೆ ಬಣ್ಣವಾಗಿದೆಯೆಂದು ಗಾಬರಿಯಾಗಬೇಡಿ. ಬರಿಯ ಕಬ್ಬಿಣಕ್ಕೆ ನಮ್ಮ ಗಾಳಿಯಲ್ಲಿ ಒಂದು ರಾತ್ರಿ ಸಾಕು. ಬೀದಿಯ ತುದಿ ಮುಟ್ಟುವಷ್ಟರಲ್ಲಿ, ನಾಲ್ಕು ಸಲ ಬ್ರೇಕ್ ಒತ್ತಿದಾಗ ಹೋಗುತ್ತದೆ.

ಗಮನಿಸಬೇಕಾದದ್ದು ಎಡ–ಬಲದ ವ್ಯತ್ಯಾಸ. ಮೊನ್ನೆ ರಾಯರು ಮತ್ತೆ ಬಂದಿದ್ದರು, ಈ ಸಲ ಟೂತ್‌ಪೇಸ್ಟ್ ಹಚ್ಚುವ ಮೊದಲೇ. “ಎಡದ ಮುಂದಿನ ಚಕ್ರ ಮಾತ್ರ ಎರಡೇ ದಿನಕ್ಕೆ ಕಪ್ಪಾಗುತ್ತದೆ. ನಿಮ್ಮ ಆ ನೇರಳೆ ಮದ್ದು ಸ್ವಲ್ಪ ಇದ್ದರೆ ಕೊಡಿ.” ಮಣಿಪಾಲಕ್ಕೆ ಹೋಗಿ ಬಂದು ಆಗಷ್ಟೇ ನಿಲ್ಲಿಸಿದ್ದ ಕಾರು. ಎರಡೂ ಮುಂದಿನ ಚಕ್ರಗಳಿಗೆ, ಮುಟ್ಟದೆ, ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ನೋಡಿದೆವು. ಬಲದ್ದು ಬೆಚ್ಚಗಿತ್ತು. ಎಡದ್ದರ ಹತ್ತಿರ ಅಂಗೈ ನಿಲ್ಲಿಸಲಾಗಲಿಲ್ಲ. ಮದ್ದು ಕೊಡಲಿಲ್ಲ, ಮೆಕ್ಯಾನಿಕ್ ಬಳಿ ಕಳುಹಿಸಿದೆ. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ತುಕ್ಕಿಗೆ ಜಾಮಾಗಿ ಪ್ಯಾಡ್ ಡಿಸ್ಕನ್ನು ಬಿಡುತ್ತಲೇ ಇರಲಿಲ್ಲವಂತೆ. ಪ್ಯಾಡ್ ಬದಲಾಯಿಸಿಕೊಂಡು ಬಂದ ಸಂಜೆ ರಾಯರು ಗೇಟಿನಲ್ಲಿ ನಿಂತು ಕೇಳಿದರು: “ಈಗಲಾದರೂ ಆ ಮದ್ದು ಕೊಡುತ್ತೀರಾ?”